ಡಬ್ಬಿ ಕಟ್ಟಾಕೂ ಡಿಗ್ರಿ ಬೇಕೇನು?

ಊರಿಗೆ ಹೋಗಿ ದೆಹಲಿಗೆ ವಾಪಸ್ ಬರುವ ಯಾವ ಕನ್ನಡಿಗರ ಬ್ಯಾಗ್ ತೆರೆದು ನೋಡಿದರೂ ಬಟ್ಟೆಗಿಂತ ಡಬ್ಬಿಗಳೇ ಹೆಚ್ಚಿರುತ್ತವೆ. ವಿಮಾನದವರು ಕೊಡುವ 15 ಕೆ.ಜಿ.ಯೊಳಗೆ ಶೇಂಗಾ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಉಪ್ಪಿನಕಾಯಿ, ಚಕ್ಕುಲಿ, ಒಂದು ಬಾಟಲಿ ತುಪ್ಪ ಇಷ್ಟನ್ನೂ ಅಮ್ಮಂದಿರು ಹೊಂದಿಸುತ್ತಾರೆ. ಚಕ್ಕುಲಿ ಡಬ್ಬಿಯ ತಳಕ್ಕೆ ಪೇಪರ್ ಹಾಸುವುದು ಎಣ್ಣೆ ಹೀರಲಿ ಎಂದು. ಮೇಲೆ ಉಳಿದ ಜಾಗಕ್ಕೆ ಮುದುಡಿದ ಪೇಪರ್ ತುರುಕುವುದು ಅಲುಗಾಡಿ ಪುಡಿಯಾಗದಿರಲಿ ಎಂದು. ತುಪ್ಪದ ಬಾಟಲಿಯ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ರಬ್ಬರ್ ಬ್ಯಾಂಡ್, ಅದರ ಮೇಲೊಂದು ಹಳೆ ಟವೆಲ್. ಇದನ್ನು ಅವರಿಗೆ ಯಾವ ಕಾಲೇಜೂ ಕಲಿಸಿಲ್ಲ. ಆದರೆ ಇದೇ ಕೆಲಸ ಕಲಿಸುವ ಕಾಲೇಜುಗಳಿವೆ, ಪ್ರಯೋಗಾಲಯಗಳಿವೆ, ಪ್ರವೇಶ ಪರೀಕ್ಷೆಗಳಿವೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ಯಾಕೇಜಿಂಗ್ ವಿಭಾಗ ಶುರುವಾದದ್ದು 1952ರಲ್ಲಿ. ನಮ್ಮ ದೇಶದಲ್ಲಿ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆ (ಐಐಪಿ) ಹುಟ್ಟಿದ್ದು 1966ರಲ್ಲಿ.

ಅಮ್ಮ ಕಟ್ಟಿದ ಡಬ್ಬಿಗೂ ಅಂಗಡಿಯ ಪೊಟ್ಟಣಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಅಮ್ಮನ ಡಬ್ಬಿ ತೆರೆಯುವವರಿಗೆ ಒಳಗೇನಿದೆ, ಎಷ್ಟು ದಿನ ಇರುತ್ತದೆ, ಯಾರು ಮಾಡಿದ್ದು ಎಲ್ಲ ಗೊತ್ತಿರುತ್ತದೆ. ಅಂಗಡಿಯ ಪೊಟ್ಟಣ ಅಪರಿಚಿತರ ಕೈಗೆ ಹೋಗುತ್ತದೆ. ಮಾಡಿದವರು ಪಕ್ಕದಲ್ಲಿ ನಿಂತು 'ಇದು ನಮ್ಮ ಕಡೆಯ ಮೆಣಸಿನಕಾಯಿ, ಖಾರ ಕಡಿಮೆ, ಬಣ್ಣ ಜಾಸ್ತಿ' ಎಂದು ಹೇಳಲಾಗದು. ಪೊಟ್ಟಣವೇ ಹೇಳಬೇಕು, ಅದೂ ಗಿರಾಕಿ ಕಪಾಟಿನ ಮುಂದೆ ಹಾದುಹೋಗುವ ಎರಡು ಮೂರು ಸೆಕೆಂಡಿನಲ್ಲಿ.

ನಾನು ಇದನ್ನೆಲ್ಲ ಬರೆಯಲು ಕಾರಣ ಹಾವೇರಿಯಿಂದ ಬಂದ ಒಂದು ಫೋನು. ಅಕ್ಕನ ಮಗಳು ಹುಬ್ಬಳ್ಳಿಯಲ್ಲಿ ಬಿ.ಇ. ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿದ್ದಾಳೆ. ಮುಂದೆ ಪ್ಯಾಕೇಜಿಂಗ್ ಅಥವಾ ರಿಟೇಲ್ ಡಿಸೈನ್ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಅಕ್ಕನ ಮಾತು ಹೀಗಿತ್ತು: 'ಏನೋ ತಮ್ಮಾ, ಡಬ್ಬಿ ಕಟ್ಟಾಕೂ ಡಿಗ್ರಿ ಬೇಕೇನು? ಇಂಜಿನಿಯರಿಂಗ್ ಓದಿಸಿ ಅಂಗಡಿ ಕಪಾಟು ಜೋಡಸಾಕ ಕಳಸಬೇಕೇನು? ನೀ ಹೇಳಿದ್ರ ಕೇಳತಾಳ, ಒಂದ್ ಮಾತು ಹೇಳು.' ಭಾವನವರು ಹಿಂದಿನಿಂದ 'ಸಾಫ್ಟ್‌ವೇರ್ ಕೋರ್ಸ್ ಯಾವುದರ ಹೇಳಂತನ್ನು' ಎನ್ನುತ್ತಿದ್ದರು. ಎಂ.ಟೆಕ್. ಮಾಡಿ ಗುರುಗ್ರಾಮದಲ್ಲಿ ಕೋಡ್ ಬರೆಯುವ ತಮ್ಮ ತಮ್ಮ ಪರ ನಿಲ್ಲುತ್ತಾನೆಂದು ಅವರ ನಂಬಿಕೆ. ಈ ವಿಷಯದಲ್ಲಿ ನಾನು ಹುಡುಗಿಯ ಪರ. ಏಕೆಂದರೆ ನನ್ನ ಕೆಲಸವೇ ಕಿರಾಣಿ ಸಾಮಾನು ಮಾರುವ ಆ್ಯಪ್‌ಗಳ ಕ್ಯಾಟಲಾಗ್ ಸಾಫ್ಟ್‌ವೇರ್. ಪೊಟ್ಟಣಗಳು ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ದಿನವೂ ನೋಡುತ್ತೇನೆ.

ಮೊದಲು ಅಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ನೋಡೋಣ. ಐಐಪಿಯ ಪ್ರಧಾನ ಕಚೇರಿ ಮುಂಬೈಯಲ್ಲಿದೆ. ದೆಹಲಿ ಕೇಂದ್ರ ಪಟ್‌ಪರ್‌ಗಂಜ್ ಕೈಗಾರಿಕಾ ಪ್ರದೇಶದಲ್ಲಿದೆ. ವಿಜ್ಞಾನ, ಇಂಜಿನಿಯರಿಂಗ್ ಪದವೀಧರರಿಗೆ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಐಐಟಿ ರೂರ್ಕಿಯವರು ಸಹಾರನ್‌ಪುರ ಕ್ಯಾಂಪಸ್ಸಿನಲ್ಲಿ ಪ್ಯಾಕೇಜಿಂಗ್ ತಂತ್ರಜ್ಞಾನದಲ್ಲೇ ಎಂ.ಟೆಕ್. ನಡೆಸುತ್ತಾರೆ. ಇವು ಚಿತ್ರ ಬಿಡಿಸುವ ತರಗತಿಗಳಲ್ಲ. ಪಾಲಿಮರ್, ಕಾಗದ, ಗಾಜು, ತಗಡು ಇವುಗಳ ಗುಣ. ಯಾವ ಪದರದ ಮೂಲಕ ಆಮ್ಲಜನಕ ಎಷ್ಟು ನುಸುಳುತ್ತದೆ, ನೀರಾವಿ ಎಷ್ಟು ನುಸುಳುತ್ತದೆ ಎಂಬ ಲೆಕ್ಕ. ರಟ್ಟಿನ ಪೆಟ್ಟಿಗೆಯ ಮೇಲೆ ಎಷ್ಟು ಪೆಟ್ಟಿಗೆ ಪೇರಿಸಿದರೆ ಕೆಳಗಿನದು ಕುಸಿಯುತ್ತದೆ, ಲಾರಿಯ ಕುಲುಕಾಟ ಎಷ್ಟು ತಡೆಯುತ್ತದೆ ಎಂಬ ಪರೀಕ್ಷೆ. ಭಾವನವರು ಮೆಕ್ಯಾನಿಕಲ್ ವ್ಯರ್ಥವಾಗುತ್ತದೆ ಎಂದು ಕೊರಗುವ ಕಾರಣವೇ ಇಲ್ಲ.

ಚಕ್ಕುಲಿಯನ್ನೇ ತೆಗೆದುಕೊಳ್ಳಿ. ಚಕ್ಕುಲಿಗೆ ಮೂರು ಶತ್ರುಗಳು. ಗಾಳಿಯ ತೇವ ತಗುಲಿದರೆ ಮೆತ್ತಗಾಗುತ್ತದೆ. ಗಾಳಿಯ ಆಮ್ಲಜನಕ ತಗುಲಿದರೆ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಪೆಟ್ಟು ಬಿದ್ದರೆ ಪುಡಿ. ಮೂರಕ್ಕೂ ಒಂದೇ ಮದ್ದಿಲ್ಲ. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಣದಬತ್ತಿಯ ಬೆಂಕಿಯಲ್ಲಿ ಬಾಯಿ ಅಂಟಿಸಿದ ಚಕ್ಕುಲಿ ಪಕ್ಕದ ಊರಿನ ಸಂತೆಗೆ ಸರಿ. ಅದೇ ಚಕ್ಕುಲಿ ಜುಲೈ ತಿಂಗಳ ದೆಹಲಿಯ ಜಿಗುಟು ಸೆಕೆಗೆ ಬರಬೇಕಾದರೆ ತೇವ, ಆಮ್ಲಜನಕ ಎರಡನ್ನೂ ತಡೆಯುವ ಪದರಗಳ ಪೌಚ್ ಬೇಕು, ಒಳಗಿನ ಗಾಳಿ ಹೊರಹಾಕಿ ಸಾರಜನಕ ತುಂಬಬೇಕು. ಆಲೂ ಚಿಪ್ಸ್ ಪ್ಯಾಕೆಟ್ ಉಬ್ಬಿರುವುದನ್ನು ನೋಡಿ 'ಗಾಳಿ ಮಾರುತ್ತಾರೆ' ಎಂದು ನಗುತ್ತೇವಲ್ಲ, ಆ ಗಾಳಿ ಮಾಡುತ್ತಿರುವುದು ಅಮ್ಮ ತುರುಕಿದ ಪೇಪರಿನ ಕೆಲಸವನ್ನೇ; ಜೊತೆಗೆ ಎಣ್ಣೆ ಕೆಡದಂತೆಯೂ ಕಾಯುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ಕತೆ ಇನ್ನೂ ಸೂಕ್ಷ್ಮ. ಜಿಐ ಟ್ಯಾಗ್ ಪಡೆದ ಈ ಮೆಣಸಿನಕಾಯಿಯ ಬೆಲೆಯೆಲ್ಲ ಅದರ ಬಣ್ಣದಲ್ಲಿದೆ. ಬೆಳಕು, ಗಾಳಿ ಎರಡೂ ಬಣ್ಣದ ಶತ್ರುಗಳು. ಆದರೆ ನಮ್ಮವರು 'ಬಣ್ಣ ಕಾಣಲಿ' ಎಂದು ಪುಡಿಯನ್ನು ಪಾರದರ್ಶಕ ಪೌಚಿನಲ್ಲಿ ತುಂಬುತ್ತಾರೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅದು ದಿನದಿನಕ್ಕೂ ಮಂಕಾಗುತ್ತದೆ. ಕೊಳ್ಳುವವರು ಹಳೆ ಸರಕು ಎಂದುಕೊಂಡು ಪಕ್ಕದ ಕಂಪನಿಯ ರಟ್ಟಿನ ಡಬ್ಬಿ ಎತ್ತಿಕೊಳ್ಳುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಮಾರುವ ಕೆಲವರು ಈ ಪಾಠ ಬೇಗ ಕಲಿತರು. ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೇ ಅವರ ಪೌಚಿಗೆ ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ಒಳಬಿಡದ ಪುಟ್ಟ ಕವಾಟ ಇರುತ್ತದೆ. ಗುರುಗ್ರಾಮದ ಸೂಪರ್ ಮಾರ್ಕೆಟ್‌ಗಳಲ್ಲಿ ಕರ್ನಾಟಕದ ಕಾಫಿ ತಲೆಯೆತ್ತಿ ನಿಂತಿದ್ದರೆ ಅದರಲ್ಲಿ ಈ ಕವಾಟದ ಪಾಲೂ ಇದೆ.

ಈ ವಿದ್ಯೆಗೆ ನಮ್ಮ ರಾಜ್ಯ ಹೊಸದೂ ಅಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಶನ್‌ನಲ್ಲಿ ಶುರುವಾದ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕೇಜಿಂಗಿಗೆ ಪ್ರತ್ಯೇಕ ವಿಭಾಗವೇ ಇದೆ. ಅದೇ ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ, ಯೋಧರು ಫ್ರಿಜ್ ಇಲ್ಲದ ಕಡೆ ತಿಂಗಳುಗಟ್ಟಲೆ ಇಟ್ಟು ತಿನ್ನಬಹುದಾದ ಊಟವನ್ನು ರಿಟಾರ್ಟ್ ಪೌಚಿನಲ್ಲಿ ಕೂರಿಸಿದೆ. ಬೆಂಗಳೂರಿನಲ್ಲಿ, ತುಮಕೂರು ರಸ್ತೆಯ ಪಕ್ಕ, ಅಹಮದಾಬಾದಿನ ಎನ್‌ಐಡಿಯ ಕ್ಯಾಂಪಸ್ ಇದೆ. ಅಲ್ಲಿ 'ರಿಟೇಲ್ ಎಕ್ಸ್‌ಪೀರಿಯನ್ಸ್' ಎಂಬ ಹೆಸರಿನಲ್ಲೇ ಎಂ.ಡಿಸ್. ಪದವಿ ಇದೆ. ಅಂಗಡಿಯನ್ನು ಹೇಗೆ ಕಟ್ಟಬೇಕು, ಸರಕನ್ನು ಹೇಗೆ ತೋರಿಸಬೇಕು ಎಂಬುದೇ ಅಲ್ಲಿನ ಪಾಠ. ಇನ್ನು ನಿಫ್ಟ್‌ನ ಫ್ಯಾಷನ್ ಕಮ್ಯುನಿಕೇಷನ್ ಪದವಿಯಲ್ಲೂ ಪ್ರದರ್ಶನ ಜೋಡಣೆ ಒಂದು ವಿಷಯ. ದೆಹಲಿಯ ಹೌಜ್ ಖಾಸ್‌ನಲ್ಲಿ 1986ರಲ್ಲಿ ಶುರುವಾದ ನಿಫ್ಟ್‌ಗೆ ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ. ಹುಬ್ಬಳ್ಳಿಯಿಂದ ಒಂದು ರಾತ್ರಿ ಪ್ರಯಾಣದ ದೂರದಲ್ಲಿ ಇಷ್ಟೆಲ್ಲ ಇದ್ದೂ ನಮ್ಮ ಮನೆಗಳಲ್ಲಿ ಈ ಹೆಸರುಗಳು ಕಿವಿಗೆ ಬಿದ್ದಿರುವುದಿಲ್ಲ.

'ಕಪಾಟು ಜೋಡಿಸುವುದು' ಎಂದು ಅಕ್ಕ ಹಗುರವಾಗಿ ಅಂದ ಮಾತಿಗೆ ಬರೋಣ. ನಮ್ಮ ಕಡೆಯ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿಯವರು ಮೆಟ್ಟಿಲು ಮೆಟ್ಟಿಲಾಗಿ ಸರಕು ಪೇರಿಸುವುದನ್ನು ನೋಡಿ. ಗುಲಾಬಿ, ಹಳದಿ, ಬಿಳಿ ದೂರದಿಂದಲೇ ಕಾಣಬೇಕು. ಮಕ್ಕಳ ಕೈಗೆ ಎಟುಕುವಲ್ಲಿ ಸಣ್ಣ ಸಕ್ಕರೆ ಗೊಂಬೆ. ಮೈಸೂರು ಕಡೆ ನವರಾತ್ರಿಯ ಗೊಂಬೆ ಕೂರಿಸುವವರಿಗೂ ಈ ಲೆಕ್ಕ ಗೊತ್ತು. ದೊಡ್ಡ ಅಂಗಡಿಗಳಲ್ಲಿ ಇದೇ ಲೆಕ್ಕವನ್ನು ಪ್ಲಾನೊಗ್ರಾಮ್ ಎಂಬ ನಕ್ಷೆಯಲ್ಲಿ ಬರೆಯುತ್ತಾರೆ: ಯಾವ ಸಾಮಾನು, ಎಷ್ಟನೇ ಹಲಗೆ, ಎಷ್ಟು ಸಾಲು. ಕಣ್ಣಿನ ಮಟ್ಟದ ಹಲಗೆಗೆ ಬೆಲೆ ಹೆಚ್ಚು, ಅದಕ್ಕೆ ಕಂಪನಿಗಳು ಪೈಪೋಟಿ ನಡೆಸುತ್ತವೆ. ದೆಹಲಿಯಲ್ಲಿ ಇದನ್ನು ಪುಕ್ಕಟೆ ಕಲಿಯಬೇಕೆಂದರೆ ಒಂದು ದಿನ ಬಾಬಾ ಖಡಕ್ ಸಿಂಗ್ ಮಾರ್ಗಕ್ಕೆ ಹೋಗಿ. ನಮ್ಮ ಕಾವೇರಿ, ತಮಿಳುನಾಡಿನ ಪೂಂಪುಹಾರ್, ಕೇರಳದ ಕೈರಳಿ, ಗುಜರಾತಿನ ಗುರ್ಜರಿ ಎಲ್ಲ ಒಂದೇ ಸಾಲಿನಲ್ಲಿವೆ. ಬಾಗಿಲಲ್ಲಿ ನಿಂತಾಗ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಚನ್ನಪಟ್ಟಣದ ಬೊಂಬೆ ಯಾರ ಕಣ್ಣಿನ ಮಟ್ಟದಲ್ಲಿದೆ, ಅಪ್ಪನದೋ ಮಗುವಿನದೋ? ಈ ಎರಡು ಪ್ರಶ್ನೆ ಇಟ್ಟುಕೊಂಡು ನಾಲ್ಕು ಮಳಿಗೆ ಸುತ್ತಿದರೆ ಇದು ಓದಬೇಕಾದ ವಿಷಯ ಹೌದೋ ಅಲ್ಲವೋ ತಿಳಿಯುತ್ತದೆ.

ಈಗ ಆ ಕಪಾಟು ಫೋನಿನೊಳಗೂ ಬಂದಿದೆ. ನನ್ನ ದಿನಗೂಲಿ ಅಲ್ಲಿಂದಲೇ. ಆ್ಯಪಿನಲ್ಲಿ ಒಂದು ಪೊಟ್ಟಣಕ್ಕೆ ಸಿಗುವ ಜಾಗ ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು. ನಮ್ಮ ಕಡೆಯ ಸಣ್ಣ ತಯಾರಕರ ಲೇಬಲ್ಲುಗಳಲ್ಲಿ ದೇವರ ಚಿತ್ರ, ಮಾಲೀಕರ ಹೆಸರು, ಮೂರು ಫೋನ್ ನಂಬರು, 'ಶುಚಿ ರುಚಿ' ಎಲ್ಲ ಇರುತ್ತದೆ. ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿದಾಗ ಒಳಗಿರುವುದು ಹುರಿಗಡಲೆಯೋ ಹುರುಳಿಯೋ ಗೊತ್ತಾಗುವುದಿಲ್ಲ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಗೋದಾಮುಗಳಲ್ಲಿ ಗಿರಾಕಿಯೇ ಇರುವುದಿಲ್ಲ, ಸಾಮಾನು ಎತ್ತಿಕೊಡುವ ಹುಡುಗರಿರುತ್ತಾರೆ. ಸಾಂಬಾರ್ ಪುಡಿ, ರಸಂ ಪುಡಿ ಎರಡೂ ಒಂದೇ ಬಣ್ಣದ ಪೌಚಿನಲ್ಲಿದ್ದರೆ ಅವಸರದ ಕೈ ತಪ್ಪನ್ನೇ ಎತ್ತುತ್ತದೆ. ಬಾರ್‌ಕೋಡ್ ಇನ್ನೊಂದು ತಾಪತ್ರಯ. ಊರ ಕಡೆಯ ಪರಿಚಿತರೊಬ್ಬರು ಅಭಿಮಾನದಿಂದ ಅರಿಶಿನ ಬಣ್ಣದ ಪೌಚಿನ ಮೇಲೆ ಕುಂಕುಮ ಬಣ್ಣದಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿದ್ದರು, ಬಾರ್‌ಕೋಡ್ ಗೆರೆ ಸಹಿತ. ಸ್ಕ್ಯಾನರಿನ ಬೆಳಕು ಕೆಂಪು. ಅದಕ್ಕೆ ಕೆಂಪು ಗೆರೆಯೂ ಹಳದಿ ಹಿನ್ನೆಲೆಯೂ ಒಂದೇ ಥರ ಬೆಳ್ಳಗೆ ಕಾಣುತ್ತವೆ. ಯಾವ ಯಂತ್ರವೂ ಓದಲಿಲ್ಲ; ಅಚ್ಚಾದ ಪೌಚುಗಳಿಗೆಲ್ಲ ಕೈಯಲ್ಲಿ ಬಿಳಿ ಸ್ಟಿಕರ್ ಅಂಟಿಸಿದರು. ಪ್ಯಾಕೇಜಿಂಗ್ ಓದಿದ ಯಾರಿಗಾದರೂ ಅಚ್ಚಿಗೆ ಹೋಗುವ ಮುಂಚೆಯೇ ಕಣ್ಣಿಗೆ ಬೀಳುವ ವಿಷಯ ಇದು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಭಾಷೆ. ಪೊಟ್ಟಣ ಕಟ್ಟಿದ ಸರಕುಗಳ 2011ರ ಕಾನೂನು ಮಾಪನ ನಿಯಮದ ಪ್ರಕಾರ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ ಜೊತೆಗಿರಬಹುದು. ಅಂದರೆ ದಾವಣಗೆರೆಯಲ್ಲಿ ಮಾಡಿ ದಾವಣಗೆರೆಯಲ್ಲೇ ಮಾರುವ ಪೊಟ್ಟಣದಲ್ಲೂ ಕನ್ನಡ ಹೆಚ್ಚುವರಿ. 2023ರ ಮಾರ್ಚ್‌ನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ 'ದಹಿ' ಎಂದು ಬರೆಯಿರಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದಾಗ ಕರ್ನಾಟಕ, ತಮಿಳುನಾಡು ಎರಡೂ ಕಡೆ ಗಲಾಟೆಯಾಯಿತು. ಅದೇ ತಿಂಗಳ 30ರಂದು ಆದೇಶ ಬದಲಾಯಿತು, 'ಕರ್ಡ್' ಜೊತೆ ಆವರಣದಲ್ಲಿ ಮೊಸರು ಎಂದು ಹಾಕಬಹುದೆಂದಾಯಿತು. ನಮ್ಮದೇ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಕಾಯ್ದೆ ಇರಲಿ, ಸಂತೋಷ. ಆದರೆ ಆ ಕನ್ನಡವನ್ನು ಲೇಬಲ್ಲಿನ ಮೇಲೆ ಕೂರಿಸುವವರು ಯಾರು?

ಇದು ಸಣ್ಣ ಪ್ರಶ್ನೆಯಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ನೋಯ್ಡಾದ ಡಿಸೈನರ್ ಬೇರೆ ಫಾಂಟಿಗೆ ಹಾಕಿದರೆ ಗೊಬ್ಬರವಾಗುತ್ತದೆ. ಯೂನಿಕೋಡಿನಲ್ಲೇ ಕೊಟ್ಟರೂ ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಹಾಕಿಲ್ಲದಿದ್ದರೆ 'ಅಕ್ಕಿ' ಹೋಗಿ 'ಅಕ್‌ಕಿ' ಆಗುತ್ತದೆ. ಓದಲು ಬಾರದವರಿಗೆ ಎರಡೂ ಒಂದೇ ಚಿತ್ರ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಅದಕ್ಕೆ ಜಾಗ ಬೇಕು. ಇಂಗ್ಲಿಷ್ ಅಕ್ಷರದ ಅಳತೆಯಲ್ಲೇ ಕನ್ನಡ ಹಾಕಿದರೆ ಒತ್ತು ಕೆಳಗಿನ ಸಾಲಿಗೆ ಗುದ್ದುತ್ತದೆ, ಇಲ್ಲವೇ ಇರುವೆಯಷ್ಟು ಚಿಕ್ಕದಾಗುತ್ತದೆ. ಕೊನೆಗೆ 'ಕನ್ನಡ ಚೆನ್ನಾಗಿ ಕಾಣಲ್ಲ ಸಾರ್, ತೆಗೆದುಬಿಡೋಣ' ಎಂಬ ಮಾತು. ಚೆನ್ನಾಗಿ ಕಾಣುವಂತೆ ಮಾಡುವುದನ್ನು ಕಲಿತ ಕನ್ನಡಿಗರು ಆ ಕೋಣೆಯಲ್ಲಿ ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. ಅಕ್ಕನ ಮಗಳಂಥವರು ಅಲ್ಲಿ ಕೂರಬೇಕು ಎಂಬುದೇ ನನ್ನ ವಾದದ ತಿರುಳು.

ಕೂತರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಬಚ್ಚಲುಮನೆಯಲ್ಲೇ ಇದೆ. ಮೈಸೂರು ಸ್ಯಾಂಡಲ್ ಸೋಪು ನೂರು ವರ್ಷ ದಾಟಿದೆ. ಇಂಗ್ಲೆಂಡಿಗೆ ಹೋಗಿ ಸಾಬೂನು ವಿದ್ಯೆ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರು ಚೌಕ ಸೋಪುಗಳ ಕಾಲದಲ್ಲಿ ಮೊಟ್ಟೆಯಾಕಾರದ ಸೋಪು ಮಾಡಿಸಿದರು, ಒಡವೆ ಪೆಟ್ಟಿಗೆಯನ್ನು ನೆನಪಿಸುವ ಹೂವಿನ ಚಿತ್ತಾರದ ಡಬ್ಬಿ ಮಾಡಿಸಿದರು, ಆನೆಯ ತಲೆ ಸಿಂಹದ ಮೈಯ ಶರಭವನ್ನು ಗುರುತಾಗಿಸಿದರು. ಆ ಡಬ್ಬಿಯನ್ನು ಇವತ್ತು ಲಜಪತ್ ನಗರದ ಕಿರಾಣಿ ಅಂಗಡಿಯವನೂ ಹೆಸರು ಓದದೆ ಗುರುತಿಸುತ್ತಾನೆ. 2025ರ ಮೇ ತಿಂಗಳಲ್ಲಿ ಇದೇ ಸೋಪಿಗೆ ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ರಾಯಭಾರಿಯನ್ನು ನೇಮಿಸಿದಾಗ ನಾಡೆಲ್ಲ ನಟಿ ಕನ್ನಡದವರೋ ಅಲ್ಲವೋ ಎಂದು ಜಗಳವಾಡಿತು. ನನ್ನ ಜಗಳ ಬೇರೆ: ಆ ದುಡ್ಡಿನ ಒಂದು ಚೂರಿನಲ್ಲಿ ಎಷ್ಟು ಕನ್ನಡದ ಮಕ್ಕಳಿಗೆ ಡಬ್ಬಿಯ ವಿದ್ಯೆ ಓದಿಸಬಹುದಿತ್ತು? ನೂರು ವರ್ಷ ದುಡಿದ ರಾಯಭಾರಿ ಆ ಡಬ್ಬಿಯೇ ತಾನೆ.

ಹುಡುಗಿಗೆ ಬರೀ ಹೊಗಳಿಕೆ ಕೇಳಿಸಿ ಕಳಿಸುವುದು ಸರಿಯಲ್ಲ, ಕಷ್ಟಗಳನ್ನೂ ಹೇಳಿದ್ದೇನೆ. ಶುರುವಿನ ಸಂಬಳ ಸಾಫ್ಟ್‌ವೇರಿನವರಷ್ಟು ಬರುವುದು ಅಪರೂಪ. ಡಿಸೈನ್ ಕಾಲೇಜುಗಳ ಶುಲ್ಕ ಲಕ್ಷಗಳಲ್ಲಿದೆ, ಸೀಟುಗಳು ಬೆರಳೆಣಿಕೆ. ಎನ್‌ಐಡಿಗೆ ಅದರದೇ ಪರೀಕ್ಷೆ, ಐಐಟಿ ದೆಹಲಿಯ ಡಿಸೈನ್ ವಿಭಾಗಕ್ಕೆ ಸೀಡ್ ಪರೀಕ್ಷೆ; ಗೇಟ್ ತಯಾರಿಯ ಪುಸ್ತಕ ಇಲ್ಲಿ ಕೆಲಸಕ್ಕೆ ಬಾರದು, ಚಿತ್ರ ಬಿಡಿಸಬೇಕು, ಸುತ್ತ ನೋಡಿದ್ದನ್ನು ಬರೆಯಬೇಕು. ಕೆಲಸ ಹೆಚ್ಚಾಗಿ ಊರಿನಿಂದ ದೂರ: ಪೌಚ್ ಫಿಲ್ಮ್ ಮಾಡುವ ದೊಡ್ಡ ಕಂಪನಿ ಯೂಫ್ಲೆಕ್ಸ್‌ನ ಕೇಂದ್ರ ಕಚೇರಿ ನೋಯ್ಡಾದಲ್ಲಿದೆ, ಉಳಿದವು ಮುಂಬೈ, ಗುಜರಾತಿನ ಕಡೆ. ಇನ್ನೊಂದು ಮಾತು. ಪಟ್‌ಪರ್‌ಗಂಜ್‌ನ ಆ ಸಂಸ್ಥೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಗಾಜಿಪುರದ ಕಸದ ಬೆಟ್ಟವಿದೆ. ಚಕ್ಕುಲಿಯನ್ನು ಉಳಿಸುವ ಅದೇ ಹಲವು ಪದರದ ಪೌಚು ಮರುಬಳಕೆಗೆ ಬಾರದೆ ಅಲ್ಲಿ ಹೋಗಿ ಬೀಳುತ್ತದೆ. ಒಂದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಅಷ್ಟೇ ಕಾಪಾಡುವ ಪೌಚ್ ಮಾಡುವುದು ಹೇಗೆ ಎಂಬುದು ಇವತ್ತಿನ ವಿದ್ಯಾರ್ಥಿಗಳ ಮುಂದಿರುವ ದೊಡ್ಡ ಲೆಕ್ಕ. ಇದನ್ನು ಕೇಳಿ ಅವಳು ಹಿಂಜರಿಯುತ್ತಾಳೆ ಅಂದುಕೊಂಡಿದ್ದೆ. 'ಹಂಗಾದ್ರ ಕೆಲಸ ಐತಿ ಅಂದಂಗಾತು ಮಾಮಾ' ಅಂದಳು.

ಸರಕಾರ ಮನಸ್ಸು ಮಾಡಿದರೆ ಆಗುವಂಥ ಕೆಲಸಗಳೂ ಇವೆ. ವಿಟಿಯು ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಮುಖ ಗುರುತಿಸಿ ಹಾಜರಿ ಹಾಕುವ ಆ್ಯಪ್ ಎಷ್ಟು ಬಾರಿ ಬರುತ್ತದೋ ಲೆಕ್ಕವಿಲ್ಲ. ಅದರ ಬದಲು ನಾಲ್ಕು ಮಕ್ಕಳು ಊರಿನ ಸ್ವಸಹಾಯ ಸಂಘದ ರೊಟ್ಟಿಗೆ ಮುರಿಯದ ಡಬ್ಬಿ ಮಾಡಲಿ. ಪರೀಕ್ಷೆಗೆ ಮೈಸೂರಿನ ಪ್ರಯೋಗಾಲಯಗಳ ನೆರವು ಸಿಗುವಂತೆ ಸರಕಾರ ಏರ್ಪಾಟು ಮಾಡಲಿ. ಪ್ರತಿ ವರ್ಷ ನವೆಂಬರ್ 14ರಿಂದ ಪ್ರಗತಿ ಮೈದಾನದಲ್ಲಿ ನಡೆಯುವ ವ್ಯಾಪಾರ ಮೇಳದ ಕರ್ನಾಟಕ ಮಂಟಪದಲ್ಲಿ ಒಂದು ಮೂಲೆಯನ್ನು ಬೆಂಗಳೂರಿನ ಡಿಸೈನ್ ವಿದ್ಯಾರ್ಥಿಗಳಿಗೆ ಕೊಟ್ಟು, ಬ್ಯಾಡಗಿ ಮೆಣಸಿನಕಾಯಿಯನ್ನೋ ಧಾರವಾಡ ಪೇಡೆಯನ್ನೋ ಅವರೇ ಜೋಡಿಸಿ ಮಾರಲಿ. ಯಾವ ಜೋಡಣೆಗೆ ಎಷ್ಟು ಮಾರಾಟವಾಯಿತೆಂದು ಎರಡು ವಾರದಲ್ಲಿ ಕಣ್ಣೆದುರೇ ಲೆಕ್ಕ ಸಿಗುತ್ತದೆ. 2024ರ ನವೆಂಬರ್ 21ರಂದು ನಂದಿನಿ ಹಾಲು ಮೊಸರು ದೆಹಲಿಗೆ ಬಂತು. ಅದರ ಹಿಂದೆ ಬರಬಹುದಾದ ನಮ್ಮ ಸರಕುಗಳು ಬೇಕಾದಷ್ಟಿವೆ. ಸರಕಾರಿ ನಿಗಮಗಳು ಲೇಬಲ್ ಮುದ್ರಣಕ್ಕೆ ಕರೆಯುವ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ಅಚ್ಚಿಗೆ ಹೋಗುವ ಮುನ್ನ ಕನ್ನಡ ಓದಬಲ್ಲ, ವಿನ್ಯಾಸ ಓದಿದ ಒಬ್ಬರು ಪ್ರೂಫ್ ನೋಡಿ ಸಹಿ ಹಾಕಬೇಕು.